ಟೋಪಿ ಹೆಣೆದವಳ ಕೈಗೆ ಬಂದದ್ದೆಷ್ಟು?

‘ಪನಾಮಾ ಟೋಪಿ’ಯ ಹೆಸರನ್ನು ನೀವು ಕೇಳಿರಬಹುದು. ಕಪ್ಪು ಪಟ್ಟಿ ಕಟ್ಟಿದ, ಬೆಳ್ಳಗಿನ, ಹಗುರವಾದ ಟೋಪಿ. ಆದರೆ ಅದು ಪನಾಮಾ ದೇಶದ್ದಲ್ಲ. ಅದನ್ನು ಹೆಣೆಯುವವರು ದಕ್ಷಿಣ ಅಮೇರಿಕದ ಈಕ್ವೆಡಾರ್‌ನ ಹಳ್ಳಿಗರು. ಅವರಲ್ಲಿ ಬಹಳಷ್ಟು ಮಂದಿ ಮಹಿಳೆಯರು.

19ನೇ ಶತಮಾನದಲ್ಲಿ ಈ ಟೋಪಿಗಳು ಪನಾಮಾದ ಮೂಲಕ ಹೊರದೇಶಗಳಿಗೆ ಹೋಗುತ್ತಿದ್ದವು. ಕೊಂಡವರು ಮಾರಾಟವಾದ ಊರಿನ ಹೆಸರನ್ನೇ ಅದಕ್ಕಿಟ್ಟರು. 1906ರಲ್ಲಿ ಅಮೇರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಪನಾಮಾ ಕಾಲುವೆಯ ಕಾಮಗಾರಿ ನೋಡಲು ಹೋದಾಗ ಧರಿಸಿದ ಮೇಲಂತೂ ಆ ಹೆಸರು ಗಟ್ಟಿಯಾಯಿತು. ದುಡಿದವರ ಊರು ಮರೆತುಹೋಯಿತು. ಹಣದ ಕಥೆಯೂ ಹೀಗೆಯೇ ಇದೆ.

ಈಕ್ವೆಡಾರ್‌ನ ಕರಾವಳಿಯಲ್ಲಿ ‘ತೊಕಿಯಾ’ ಎಂಬ, ತಾಳೆಯನ್ನು ಹೋಲುವ ಗಿಡ ಬೆಳೆಯುತ್ತದೆ. ಅದರ ಎಳೆಯ ಗರಿಗಳನ್ನು ಕುದಿಸಿ, ಒಣಗಿಸಿ, ಸಣ್ಣ ಎಳೆಗಳನ್ನಾಗಿ ಮಾಡುತ್ತಾರೆ. ನೆತ್ತಿಯ ಭಾಗದಿಂದ ಹೆಣಿಗೆ ಆರಂಭ. ಯಂತ್ರವಿಲ್ಲ, ಬೆರಳುಗಳೇ ಸಾಧನ. ಸಾಧಾರಣ ಟೋಪಿಗೆ ಒಂದು ದಿನ ಸಾಕು. ಅತಿ ನಯವಾದದ್ದಕ್ಕೆ ಎಂಟು ತಿಂಗಳೂ ಬೇಕಾದೀತು. ಮಕ್ಕಳು ಮನೆಯ ಹಿರಿಯರನ್ನು ನೋಡಿಯೇ ಈ ವಿದ್ಯೆ ಕಲಿಯುತ್ತಾರೆ. 2012ರಲ್ಲಿ ಯುನೆಸ್ಕೋ ಇದನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಗೌರವವೇನೋ ಸಿಕ್ಕಿತು. ಆದರೆ ಹೊಟ್ಟೆ ತುಂಬಲು ಬೆಲೆ ಸಿಗಬೇಕಲ್ಲವೇ? ಹೆಣೆದವಳು ಟೋಪಿಯನ್ನು ಮಧ್ಯವರ್ತಿಗೆ ಮಾರುತ್ತಾಳೆ. ಅವನಿಂದ ಅದು ಕಾರ್ಖಾನೆಗೆ ಹೋಗುತ್ತದೆ. ಅಲ್ಲಿ ತೊಳೆದು, ಬಿಳುಪುಗೊಳಿಸಿ, ಅಚ್ಚಿಗೆ ಹಾಕಿ, ಪಟ್ಟಿ ಕಟ್ಟುತ್ತಾರೆ. ನಂತರ ರಫ್ತುದಾರ, ಆಮದುದಾರ, ಅಂಗಡಿಯವನು. ಪ್ರತಿಯೊಬ್ಬನೂ ತನ್ನ ಲಾಭ ಸೇರಿಸುತ್ತಾನೆ. ಇಂದಿನ ಅಡುಗೆಗೆ ಇಂದೇ ಹಣ ಬೇಕಾದವಳು ಚೌಕಾಶಿ ಮಾಡುವುದಾದರೂ ಹೇಗೆ? ಕೊಟ್ಟಷ್ಟನ್ನು ತೆಗೆದುಕೊಳ್ಳುತ್ತಾಳೆ. ಇದರ ಮೇಲೆ, ಕಾಗದದಿಂದ ತಯಾರಾದ ಅಗ್ಗದ ಟೋಪಿಗಳ ಪೈಪೋಟಿ ಬೇರೆ.

ಈ ಸಂಕಟಕ್ಕೆ ಪರಿಹಾರವಾಗಿ ಬಂದದ್ದೇ ‘ನ್ಯಾಯಯುತ ವ್ಯಾಪಾರ’. ಇದು ದಾನವಲ್ಲ, ವ್ಯಾಪಾರವೇ. ಕುಶಲಕರ್ಮಿಗಳೊಂದಿಗೆ ಕುಳಿತು ಮಾತಾಡಿ ಬೆಲೆ ನಿಗದಿ ಮಾಡುವುದು, ವರ್ಷಗಟ್ಟಲೆ ಸಂಬಂಧ ಉಳಿಸಿಕೊಳ್ಳುವುದು, ಹೆಣ್ಣು ಗಂಡಿಗೆ ಸಮಾನ ಕೆಲಸಕ್ಕೆ ಸಮಾನ ಕೂಲಿ ಕೊಡುವುದು ಇದರ ನಿಯಮಗಳು. ಕರಕುಶಲ ವಸ್ತುಗಳಿಗೆ ಬೇಡಿಕೆ ಕೊಡುವಾಗ, ತಯಾರಿಸುವವರು ಕೇಳಿದರೆ, ಕನಿಷ್ಠ ಅರ್ಧ ಹಣವನ್ನು ಮುಂಗಡವಾಗಿ ಕೊಡಬೇಕು. ಮುಂಗಡ ಸಿಕ್ಕಿದರೆ ಎಳೆ ಕೊಳ್ಳಲು ಸಾಲ ಬೇಡ. ಸಾಲವಿಲ್ಲದಿದ್ದರೆ ಸಾಲಗಾರನ ಮುಂದೆ ತಲೆ ತಗ್ಗಿಸಬೇಕಾಗಿಲ್ಲ.

ಈಕ್ವೆಡಾರ್‌ನಲ್ಲಿ 1981ರಲ್ಲಿ ಆರಂಭವಾದ ‘ಕಮಾರಿ’ ಎಂಬ ಸಂಸ್ಥೆ ಸಣ್ಣ ಉತ್ಪಾದಕರ ವಸ್ತುಗಳಿಗೆ ಮಾರುಕಟ್ಟೆ ಒದಗಿಸುತ್ತಾ ಬಂದಿದೆ. ಕುಯೆಂಕಾ ನಗರಕ್ಕೆ ಸಮೀಪದ ಸಿಗ್‌ಸಿಗ್‌ನಲ್ಲಿ ಹೆಣೆಯುವ ಮಹಿಳೆಯರು ತಾವೇ ಸಂಘ ಕಟ್ಟಿಕೊಂಡಿದ್ದಾರೆ. ಒಬ್ಬಂಟಿಯಾಗಿ ಕೇಳಲಾಗದ ಬೆಲೆಯನ್ನು ಹತ್ತು ಮಂದಿ ಸೇರಿ ಕೇಳಬಹುದು ಎಂಬುದನ್ನು ಅವರು ಕಂಡುಕೊಂಡರು.

ಓದುಗ ಸಹೋದರಿಯರೇ, ನಿಮ್ಮಲ್ಲಿ ಮನೆಯಲ್ಲೇ ಹೊಲಿಗೆ, ಕಸೂತಿ ಮಾಡುವವರಿದ್ದೀರಿ. ಕಣ್ಣು ನೋಯಿಸಿಕೊಂಡು ಮಾಡಿದ ಕೆಲಸಕ್ಕೆ “ಇಷ್ಟೊಂದಾ?” ಎಂದು ಗಿರಾಕಿ ಮೂಗು ಮುರಿದಾಗ ಆಗುವ ನೋವು ನಿಮಗೆ ಗೊತ್ತು. ಈಕ್ವೆಡಾರ್‌ನ ಆ ತಾಯಿಯ ನೋವೂ ಅದೇ. ಇನ್ನು ಮುಂದೆ ಕೈಯಿಂದ ಮಾಡಿದ ಯಾವ ವಸ್ತುವನ್ನು ಕೊಳ್ಳುವಾಗಲೂ ಇದನ್ನು ಮಾಡಿದವರು ಯಾರು, ಅವರಿಗೆ ಎಷ್ಟು ಸಿಕ್ಕಿದೆ ಎಂದು ಕೇಳಿರಿ. ಅಂಗಡಿಯವನಿಗೆ ಉತ್ತರ ಗೊತ್ತಿಲ್ಲದಿರಬಹುದು. ಆದರೂ ಕೇಳುವವರು ಹೆಚ್ಚಾದಂತೆ, ಉತ್ತರ ತಿಳಿದುಕೊಳ್ಳುವುದು ಅವನಿಗೆ ಅನಿವಾರ್ಯವಾಗುತ್ತದೆ.