ಅರಮನೆಯೆಂದು ಕರೆಸಿಕೊಂಡ ಚಿತ್ರಮಂದಿರಗಳು

ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟವೆಲು ನೇಯುವ ಮಗ್ಗಗಳ ಸದ್ದಿನಿಂದ ಹೊರಬಂದ ಕಾರ್ಮಿಕನಿಗೆ ಟಾಕೀಸು ಬರಿಯ ಚಿತ್ರ ನೋಡುವ ಸ್ಥಳವಾಗಿರಲಿಲ್ಲ. ಎತ್ತರದ ಛಾವಣಿ, ಫ್ಯಾನಿನ ಗಾಳಿ, ಬಾಲ್ಕನಿಗೆ ಏರುವ ಅಗಲವಾದ ಮೆಟ್ಟಿಲು. ಅಗ್ಗದ ಟಿಕೆಟಿಗೆ ಮೂರು ಗಂಟೆಯ ಅರಮನೆವಾಸ. ಭಾಗವತ, ಪ್ರಭಾತ್ ಎಂಬ ಹೆಸರುಗಳು ಸೊಲ್ಲಾಪುರದ ಹಿರಿಯರಿಗೆ ಇಂದಿಗೂ ಓಣಿಯ ಗುರುತುಗಳಂತೆಯೇ ಇವೆ.

ಅಮೆರಿಕದವರು ಇಂತಹ ಮಂದಿರಗಳನ್ನು ‘ಚಿತ್ರದ ಅರಮನೆ’ ಎಂದೇ ಕರೆದರು. ಅವುಗಳನ್ನು ಅಲ್ಲಿ ರೂಪಿಸಿದ ಪ್ರಮುಖ ವಾಸ್ತುಶಿಲ್ಪಿ ಥಾಮಸ್ ಲ್ಯಾಂಬ್ ನಮಗೆ ತೀರ ಅಪರಿಚಿತನಲ್ಲ. 1938ರಲ್ಲಿ ತೆರೆದ ಮುಂಬಯಿಯ ಮೆಟ್ರೊ ಅವನದೇ ವಿನ್ಯಾಸ. ಆ ದೇಶದಲ್ಲಿಯೂ ಅರಮನೆಗಳು ಉರುಳಿದವು. ನ್ಯೂಯಾರ್ಕಿನ ಭವ್ಯವಾದ ರಾಕ್ಸಿಯನ್ನು 1960ರಲ್ಲಿ ಕೆಡವಲಾಯಿತು.

ಅಟ್ಲಾಂಟದ ಫಾಕ್ಸ್ ಮಂದಿರದ ಕಥೆ ಬೇರೆ. 1929ರ ಕ್ರಿಸ್ಮಸ್ ದಿನ ತೆರೆದ ಈ ಕಟ್ಟಡದೊಳಗೆ ಅರಬ್ಬೀ ಕೋಟೆಯ ಅಂಗಳದ ನೋಟ, ಮೇಲೆ ಮಿನುಗುವ ನಕ್ಷತ್ರಗಳ ಆಕಾಶ. ಎಪ್ಪತ್ತರ ದಶಕದಲ್ಲಿ ದೂರವಾಣಿ ಕಂಪನಿಯೊಂದು ಆ ನಿವೇಶನದಲ್ಲಿ ತನ್ನ ಕಚೇರಿ ಕಟ್ಟಲು ಬಯಸಿತು. ಊರಿನವರು ಎದ್ದು ನಿಂತರು. ಲಾಭಾಪೇಕ್ಷೆಯಿಲ್ಲದ ಸಂಸ್ಥೆಯೊಂದು ಸಾಲ ತಂದು 1975ರಲ್ಲಿ ಮಂದಿರವನ್ನು ಕೊಂಡಿತು. ಚಿತ್ರವನ್ನಷ್ಟೇ ನಂಬಿ ಕೂರದೆ ನಾಟಕ, ಸಂಗೀತಗಳಿಗೂ ರಂಗವನ್ನು ತೆರೆದುದರಿಂದ ಸಾಲವೂ ತೀರಿತು. ಭಕ್ತಿಯೊಡನೆ ಲೆಕ್ಕಾಚಾರವೂ ಇದ್ದುದರಿಂದ ಉಳಿದ ಕಟ್ಟಡವದು.

ನಮ್ಮ ರಾಜ್ಯದಲ್ಲಿಯೂ ನಿದರ್ಶನವಿದೆ. ತೊಂಬತ್ತರ ದಶಕದಲ್ಲಿ ಬಾಗಿಲು ಮುಚ್ಚಿದ್ದ ಮುಂಬಯಿಯ ರಾಯಲ್ ಒಪೆರಾ ಹೌಸ್, ಆಭಾ ನಾರಾಯಣ ಲಾಂಬಾ ಅವರ ಜೀರ್ಣೋದ್ಧಾರದ ನಂತರ 2016ರಲ್ಲಿ ಮತ್ತೆ ತೆರೆಯಿತು. ಮರುವರ್ಷ ಯುನೆಸ್ಕೋದ ಮನ್ನಣೆಯೂ ಬಂದಿತು. ಆದರೆ ಅದರ ಹಿಂದೆ ಗೊಂಡಲದ ರಾಜಮನೆತನದ ಒಡೆತನವಿತ್ತು ಎಂಬುದನ್ನು ಮರೆಯಲಾಗದು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಉದ್ಘಾಟಿಸಿದ ಬೆಂಗಳೂರಿನ ಕಪಾಲಿಗೆ ಆ ಭಾಗ್ಯ ದೊರೆಯಲಿಲ್ಲ. ಕನ್ನಡ ಚಿತ್ರಗಳ ರಾಜಧಾನಿಯೇ ತನ್ನ ಅತಿ ದೊಡ್ಡ ಮಂದಿರವನ್ನು ಉಳಿಸಿಕೊಳ್ಳದಿರುವಾಗ ಗಡಿಯಾಚೆಗಿನ ನಾವು ಯಾರನ್ನು ದೂರೋಣ?

ಆದರೂ ಇಲ್ಲಿಯ ನಷ್ಟ ಇನ್ನೊಂದು ಬಗೆಯದು. ಮರಾಠಿ, ತೆಲುಗು, ಉರ್ದು, ಕನ್ನಡ ಮಾತನಾಡುವವರು ಒಂದೇ ಕತ್ತಲೆಯಲ್ಲಿ ಒಟ್ಟಿಗೆ ಕುಳಿತು ನಕ್ಕ ಸ್ಥಳಗಳಿವು. ಮಾಲೀಕನ ಪರಿಚಯವಿದ್ದರೆ ಬೆಳಗಿನ ಒಂದು ಆಟಕ್ಕಾದರೂ ಕನ್ನಡ ಚಿತ್ರವನ್ನು ಕೇಳಬಹುದು. ದೂರದ ನಗರದಿಂದ ವೇಳಾಪಟ್ಟಿ ಬರುವ ಮಲ್ಟಿಪ್ಲೆಕ್ಸಿನಲ್ಲಿ ಕೇಳುವುದು ಯಾರನ್ನು?

ಎಲ್ಲವನ್ನೂ ಉಳಿಸಲಾಗದು, ಮಾಲೀಕರು ನಷ್ಟದಲ್ಲಿ ದೀಪ ಹಚ್ಚಬೇಕೆನ್ನುವುದೂ ನ್ಯಾಯವಲ್ಲ. ಒಂದನ್ನಾದರೂ ಆರಿಸಿ, ಮೊದಲು ಸೋರುವ ಛಾವಣಿಯನ್ನೂ ಹಳೆಯ ವಿದ್ಯುತ್ ತಂತಿಗಳನ್ನೂ ಸರಿಪಡಿಸಬಹುದು. ಕೆಲವು ಆಸನಗಳನ್ನು ತೆಗೆದು ನಾಟಕಕ್ಕೆ ರಂಗ ಕಟ್ಟಬಹುದು. ಎಂಐಡಿಸಿಯ ಪಾಳಿ ಬಿಡುವ ಹೊತ್ತಿಗೆ ಹೊಂದುವಂತೆ ವಾರಕ್ಕೊಂದು ಕನ್ನಡ ಆಟವನ್ನು ಇಡಬಹುದು. ಮುಂಗಡ ಟಿಕೆಟು ಕೊಳ್ಳುವ ಹೊಣೆಯನ್ನು ಇಲ್ಲಿಯ ಕನ್ನಡ ಸಂಘಗಳು ಹೊರುವುದಾದರೆ ಮಾಲೀಕರೊಡನೆ ಮಾತು ಇಂದೇ ಆರಂಭವಾಗಬಹುದು.