ಬೀಗ ಒಡೆಯುವ ಮುನ್ನ ಮನೆಯವರನ್ನು ಕೇಳಿ

ಪುಣೆಯಲ್ಲಿ ನನ್ನ ಕೆಲಸ, ಕಂಪನಿಗಳ ನೆಟ್‌ವರ್ಕ್ ಕಾಯುವವರಿಗೆ ಹ್ಯಾಕರ್‌ಗಳ ವಿದ್ಯೆ ಕಲಿಸುವುದು. ‘ಕಳ್ಳತನ ಹೇಳಿಕೊಡ್ತೀಯೇನೋ?’ ಎಂದು ಊರಿಗೆ ಹೋದಾಗಲೆಲ್ಲ ಅಮ್ಮ ಕೇಳುತ್ತಾಳೆ.

ಮೊದಲ ದಿನದ ಪಾಠ ಎಆರ್‌ಪಿ. ಒಂದೇ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳು ಪರಸ್ಪರರನ್ನು ಪತ್ತೆಹಚ್ಚುವ 1982ರ ನಿಯಮವಿದು. ‘ಈ ಐಪಿ ಯಾರದು?’ ಎಂದು ಒಂದು ಯಂತ್ರ ಕೂಗಿದರೆ, ‘ನನ್ನದು’ ಎಂದವರನ್ನು ಗುರುತು ಕೇಳದೆ ನಂಬಿಬಿಡುತ್ತದೆ. ಲ್ಯಾಬ್‌ನಲ್ಲಿ ಒಬ್ಬರ ಯಂತ್ರದಿಂದ ‘ನಾನೇ ರೂಟರ್’ ಎಂದು ಸುಳ್ಳು ಹೇಳಿಸುತ್ತೇವೆ. ಪಕ್ಕದವರು ಎಚ್‌ಟಿಟಿಪಿ ಪುಟದಲ್ಲಿ ಟೈಪಿಸಿದ ಪಾಸ್‌ವರ್ಡ್ ವೈರ್‌ಶಾರ್ಕ್ ಪರದೆಯಲ್ಲಿ ಹಾಗೆಯೇ ಮೂಡುತ್ತದೆ. ತರಗತಿ ಮೌನವಾಗುತ್ತದೆ. ಮಧ್ಯಾಹ್ನ ಸ್ವಿಚ್‌ನಲ್ಲಿ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಹಾಕಿ ಅದೇ ದಾಳಿಯನ್ನು ಅವರೇ ತಡೆಯುತ್ತಾರೆ.

ಒಮ್ಮೆ ಶಿಷ್ಯನೊಬ್ಬ ಉತ್ಸಾಹದಲ್ಲಿ ಯಾರನ್ನೂ ಕೇಳದೆ ತನ್ನ ಕಚೇರಿಯ ನೆಟ್‌ವರ್ಕನ್ನೇ ಎನ್‌ಮ್ಯಾಪ್‌ನಿಂದ ಜಾಲಾಡಿದ. ಕೆಲಸ ಹೋಯಿತು. ತಪ್ಪು ಅವನದಷ್ಟೇ ಅಲ್ಲ; ಅನುಮತಿಯ ಪಾಠವನ್ನು ನಾನು ಕೊನೆಯ ದಿನಕ್ಕೆ ಇಟ್ಟಿದ್ದೆ. ಅನುಮತಿಯಿಲ್ಲದೆ ಒಳಹೊಕ್ಕರೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರಿಹಾರ ತೆರಬೇಕಾಗುತ್ತದೆ. ವಂಚನೆಯ ಉದ್ದೇಶವಿದ್ದರೆ 66ರಡಿ 3 ವರ್ಷದವರೆಗೆ ಜೈಲು.

ಈಗ ಮೊದಲ ಗಂಟೆಯಲ್ಲೇ ಅನುಮತಿ ಪತ್ರ ಬರೆಸುತ್ತೇನೆ: ಯಾವ ಯಂತ್ರ, ಯಾವ ದಿನ, ಯಾರ ಸಹಿ. ‘ಬೀಗದವನು ಮನೆಯವರನ್ನು ಕೇಳಿ ತಾನೇ ಒಡೆಯೋದು?’ ಎಂದೆ ಅಮ್ಮನಿಗೆ. ‘ಹಾಗಾದ್ರೆ ಸರಿ’ ಎಂದಳು.