ಖೆಡ್ಡಾ ಶಿಬಿರದಿಂದ ಕಬಿನಿಯ ಲಾಡ್ಜ್‌ವರೆಗೆ

ಕಾಕನಕೋಟೆಯ ಕಾಡಿನಲ್ಲಿ ಒಂದು ಶಾಪದ ಕಲ್ಲಿತ್ತು. ಅಲ್ಲಿ ಕಾಡಾನೆಗಳನ್ನು ಹಿಡಿಯಲು ಹೋಗಿ ಸೋತ ಹೈದರಾಲಿ ಸುಮ್ಮನೆ ಹಿಂದಿರುಗಲಿಲ್ಲ. ಈ ಕೆಲಸ ಯಾರ ಕೈಯಲ್ಲೂ ಆಗದು, ಮಾಡಲು ಹೊರಟವನಿಗೆ ಒಳ್ಳೆಯದೂ ಆಗದು ಎಂದು ಕಲ್ಲಿನ ಮೇಲೆ ಬರೆಸಿಟ್ಟು ಹೋದನಂತೆ. ನೂರು ವರ್ಷದ ಮೇಲೆ ಇದನ್ನು ದಾಖಲಿಸಿದವನು ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. ಮೈಸೂರು ಸೀಮೆಯ ಕಾಲುವೆಗಳನ್ನು ನೋಡಿಕೊಳ್ಳುವುದು ಅವನ ನೌಕರಿ. ಆನೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಸರ್ಕಾರದ ಒಪ್ಪಿಗೆ ಗಿಟ್ಟಿಸಿಕೊಂಡು, 1873–74ರ ಸುಮಾರಿಗೆ ಚಾಮರಾಜನಗರದ ಕಡೆಯ ಕಾಡಿನಲ್ಲಿ ಖೆಡ್ಡಾ ಎಂಬ ಆನೆ ಹಿಡಿಯುವ ಆವರಣ ಕಟ್ಟಿಸಿದ, ಹಿಂಡನ್ನೇ ಒಳಗೆ ನುಗ್ಗಿಸಿದ. 1878ರಲ್ಲಿ ಬಂದ ಅವನ ಪುಸ್ತಕದಲ್ಲಿ ಹೈದರನ ಕಲ್ಲಿನ ಪ್ರಸ್ತಾಪ ಬರುವುದು ಗೆದ್ದವನ ಮಾತಾಗಿಯೇ.

ಕರ್ನಾಟಕದ ಕಾಡು-ಪ್ರವಾಸದ ಕಥೆಯನ್ನು ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಪ್ರವಾಸೋದ್ಯಮ ಇಲಾಖೆಯ ಕರಪತ್ರಗಳಲ್ಲಿ ಅದು ಶುರುವಾಗುವುದು 1980ರಿಂದ. ಅವರಿಗೆ ಜಂಗಲ್ ಲಾಡ್ಜಸ್ ಎಂಬ ಸರ್ಕಾರಿ ಪಾಲಿನ ಕಂಪನಿ ನೋಂದಣಿಯಾದ ದಿನವೇ ಹುಟ್ಟುಹಬ್ಬ.

ಸ್ಯಾಂಡರ್ಸನ್ ಆನೆ ಹಿಡಿದದ್ದು ಆನೆಗಾಗಿ. ಮೈಸೂರು ಅರಮನೆ ಆ ಕೆಲಸದಲ್ಲಿ ಇನ್ನೊಂದು ಉಪಯೋಗ ಕಂಡುಕೊಂಡಿತು: ಅತಿಥಿಗಳಿಗೆ ತೋರಿಸುವುದು. 1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಬಂದಾಗ ಖೆಡ್ಡಾ ಏರ್ಪಾಡಾಯಿತು. ಆಮೇಲೆ ವೈಸರಾಯ್‌ಗಳು, ರಾಜಕುಮಾರರು ಬಂದಾಗಲೆಲ್ಲ ಕಬಿನಿ ದಂಡೆಯ ಕಾರಾಪುರದ ಬಳಿ ಶಿಬಿರ ಏಳುತ್ತಿತ್ತು. ಕಾಡಾನೆ ಹಿಂಡನ್ನು ಹೊಳೆಗೆ ಇಳಿಸಿ ಈಚೆ ದಡಕ್ಕೆ ಹೊಡೆದು ತರುವ ದೃಶ್ಯ ಜಗತ್ತಿನ ಬೇರೆಲ್ಲೂ ಸಿಗುತ್ತಿರಲಿಲ್ಲ; ಅದನ್ನು ನೋಡಲೆಂದೇ ದೊಡ್ಡವರಿಗೆ ಆಸನ ಕಟ್ಟಿಸುತ್ತಿದ್ದರು. ಸೆರೆ ಸಿಕ್ಕ ಆನೆಗಳನ್ನು ಪಳಗಿಸಿ, ಬೇಕಾದಷ್ಟು ಇಟ್ಟುಕೊಂಡು ಉಳಿದವನ್ನು ಹರಾಜು ಹಾಕುತ್ತಿದ್ದರು.

ಆ ಶಿಬಿರದ ಕೆಲಸದ ಪಟ್ಟಿ ಮಾಡಿ ನೋಡಿ. ಮೈಸೂರಿನಿಂದ ಕಾಡಿನವರೆಗೆ ದಾರಿ, ಡೇರೆ, ಬಿಸಿನೀರು, ಎರಡು ಬಗೆಯ ಅಡುಗೆ, ಅತಿಥಿ ಎದ್ದೊಡನೆ ಚಹಾ, ಇಂಥ ಹೊತ್ತಿಗೆ ಇಂಥ ಕಡೆ ಕೂತರೆ ಇಂಥದ್ದು ಕಾಣುತ್ತದೆ ಎಂಬ ಖಚಿತ ಮಾತು. ಇವತ್ತು ಟೂರ್ ಆಪರೇಟರ್ ಮಾಡುವುದೂ ಇದನ್ನೇ. ಆ ಖಚಿತ ಮಾತು ಬರುತ್ತಿದ್ದದ್ದು ಅರಮನೆಯ ಅಧಿಕಾರಿಗಳಿಂದಲ್ಲ. ಹಿಂಡು ಎಲ್ಲಿದೆ, ಯಾವ ದಾರಿಯಲ್ಲಿ ನೀರಿಗೆ ಬರುತ್ತದೆ, ಮರಿಯಿರುವ ಆನೆ ಯಾವ ಶಬ್ದಕ್ಕೆ ಬೆದರುತ್ತದೆ ಎಂಬುದೆಲ್ಲ ಗೊತ್ತಿದ್ದದ್ದು ಜೇನುಕುರುಬರಿಗೆ, ಬೆಟ್ಟಕುರುಬರಿಗೆ, ಮಾವುತ-ಕಾವಾಡಿಗಳಿಗೆ. ಅತಿಥಿಗಳ ಹೆಸರುಗಳು ಪುಸ್ತಕಗಳಲ್ಲಿವೆ, ತಮಟೆ ಬಡಿದು ಹಿಂಡನ್ನು ಅಟ್ಟಿದವರ ಹೆಸರು ಹುಡುಕಿದರೂ ಸಿಗುವುದಿಲ್ಲ. ಮಾಸ್ತಿಯವರು ಈ ಸೀಮೆಯ ಕಾಡಿನ ಜನರನ್ನು ಮುಂದಿಟ್ಟುಕೊಂಡು ‘ಕಾಕನಕೋಟೆ’ ನಾಟಕ ಬರೆಯದಿದ್ದರೆ ಪೇಟೆಯ ಕನ್ನಡಿಗರಿಗೆ ಆ ಊರಿನ ಹೆಸರೂ ಉಳಿಯುತ್ತಿತ್ತೋ ಇಲ್ಲವೋ.

ಒಬ್ಬನ ಹೆಸರು ಮಾತ್ರ ಹೊರಗೆ ಹೋಯಿತು. 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ, ಮಹಾರಾಜರ ಆನೆಲಾಯದ ಮಾವುತನೊಬ್ಬನ ಮಗ ಸಾಬು. ರಾಬರ್ಟ್ ಫ್ಲಾಹರ್ಟಿಯ ಚಿತ್ರತಂಡಕ್ಕೆ ಆನೆಯೊಂದಿಗೆ ಆಡುವ ಹುಡುಗ ಬೇಕಿತ್ತು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು, ಹುಡುಗ ಲಂಡನ್ನಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ ಹೋದ. ಕಾರಾಪುರದಲ್ಲಿ ಅವನಿಗಾಗಿ ಒಂದು ಒಳ್ಳೆಯ ಸಂಗ್ರಹಾಲಯವನ್ನಾದರೂ ಮಾಡಬಾರದಿತ್ತೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ನಿಂತಿತು. ಖೆಡ್ಡಾ ನಡೆಯುತ್ತಿದ್ದ ಜಾಗ, ಬಯಲು, ಹಳ್ಳಿ, ಹಾಡಿ ಎಲ್ಲ ಮುಳುಗಿದವು. ಆನೆ ತೋರಿಸಿ ಅತಿಥಿ ಸತ್ಕಾರ ಮಾಡುತ್ತಿದ್ದ ಕಸುಬು ಅಲ್ಲಿಗೆ ಮುಗಿಯಬೇಕಿತ್ತು. ಆದದ್ದು ಬೇರೆ. ಬೇಸಗೆಯಲ್ಲಿ ಹಿನ್ನೀರು ಇಳಿದಂತೆ ಅಂಚಿನ ಕೆಸರಿನಲ್ಲಿ ಎಳೆಹುಲ್ಲು ಚಿಗುರಿತು. ಕಾಡೊಳಗೆ ಕೆರೆಕಟ್ಟೆ ಒಣಗಿದ ತಿಂಗಳುಗಳಲ್ಲಿ ಇಲ್ಲಿ ನೀರೂ ಉಂಟು, ಮೇವೂ ಉಂಟು. ನಾಗರಹೊಳೆ, ಬಂಡೀಪುರ, ವಯನಾಡಿನ ಕಡೆಯಿಂದ ಆನೆಗಳು ತಾವಾಗಿಯೇ ಬಂದು ಸೇರತೊಡಗಿದವು. ತಮಟೆ ಬಡಿದು ತರುತ್ತಿದ್ದ ಹಿಂಡು, ಕರೆಯದೆ ಬರುವ ಹಿಂಡಾಯಿತು. ಕಬಿನಿಯ ಪ್ರವಾಸೋದ್ಯಮದ ಬಂಡವಾಳ ಯಾವುದು ಎಂದು ಕೇಳಿದರೆ ಉತ್ತರ ಈ ಹುಲ್ಲು.

ಇನ್ನು ಗುಂಡೂರಾಯರ ಸರದಿ. ಅವರು ಎಪ್ಪತ್ತರ ದಶಕದ ಕೊನೆಯಲ್ಲಿ ನೇಪಾಳದ ಚಿತ್ವನ್ ಕಾಡಿನ ‘ಟೈಗರ್ ಟಾಪ್ಸ್’ ಲಾಡ್ಜ್ ನೋಡಿ ಮರುಳಾದರು, ಇಂಥದ್ದೇ ನಮ್ಮಲ್ಲೂ ಆಗಬೇಕೆಂದು ಹಟ ಹಿಡಿದರು ಎಂಬುದು ಜಂಗಲ್ ಲಾಡ್ಜಸ್‌ನ ಹಳಬರ ಬಾಯಲ್ಲಿ ಬಂದಿರುವ ಕಥೆ. ಅವರು ಮುಖ್ಯಮಂತ್ರಿಯಾದ 1980ರಲ್ಲೇ ಕರ್ನಾಟಕ ಸರ್ಕಾರ ಮತ್ತು ಟೈಗರ್ ಟಾಪ್ಸ್ ಪಾಲುದಾರಿಕೆಯಲ್ಲಿ ‘ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್’ ಹುಟ್ಟಿತು. ಕಾರಾಪುರದಲ್ಲಿ ಮಹಾರಾಜರ ಕಾಲದ ಬೇಟೆ ಬಂಗಲೆಗಳು ಖಾಲಿ ಬಿದ್ದಿದ್ದವು. ಅವುಗಳಿಗೇ ಸುಣ್ಣಬಣ್ಣ ಮಾಡಿ ಕಬಿನಿ ರಿವರ್ ಲಾಡ್ಜ್ ಎಂದರು.

ಟೈಗರ್ ಟಾಪ್ಸ್ ಕಡೆಯಿಂದ ಬಂದವರಲ್ಲಿ ಒಬ್ಬರು ಕರ್ನಲ್ ಜಾನ್ ವೇಕ್‌ಫೀಲ್ಡ್. 1916ರಲ್ಲಿ ಬಿಹಾರದ ಗಯೆಯಲ್ಲಿ ಹುಟ್ಟಿದವರು, ಸೇನೆಯಲ್ಲಿದ್ದವರು, ಹರೆಯದಲ್ಲಿ ಹುಲಿ ಹೊಡೆದವರು, ಆಮೇಲೆ ಬಂದೂಕು ಕೆಳಗಿಟ್ಟವರು. ಕಬಿನಿಗೆ ಬಂದಾಗ ಅರವತ್ತು ದಾಟಿತ್ತು, ಬೇರೆಯವರು ನಿವೃತ್ತಿಯ ಮನೆ ಹುಡುಕುವ ವಯಸ್ಸು. ಅಲ್ಲೇ ನಿಂತುಬಿಟ್ಟರು. ಎಲ್ಲರಿಗೂ ‘ಪಾಪಾ’ ಆದರು.

ಅವರೂ ಅವರ ಜೊತೆಗಾರರೂ ಇಲ್ಲಿಗೆ ತಂದ ಪದ್ಧತಿ ಇವತ್ತು ಎಷ್ಟು ಮಾಮೂಲಾಗಿದೆಯೆಂದರೆ, ಒಮ್ಮೆ ಅದು ಹೊಸದಾಗಿತ್ತೆಂದು ನಂಬುವುದೇ ಕಷ್ಟ. ಕೋಣೆಗೆ ಬೇರೆ, ಊಟಕ್ಕೆ ಬೇರೆ, ಜೀಪಿಗೆ ಬೇರೆ ಎಂದು ಬಿಲ್ಲು ಹರಿಯುವುದಿಲ್ಲ. ತಲೆಗಿಷ್ಟು ಎಂದು ಒಂದೇ ದರ. ಅದರಲ್ಲಿ ವಾಸ, ಊಟ, ಬೆಳಗಿನ ಮತ್ತು ಸಂಜೆಯ ಸಫಾರಿ, ದೋಣಿ ಅಥವಾ ಹರಿಗೋಲಿನ ಸುತ್ತಾಟ, ರಾತ್ರಿ ವನ್ಯಜೀವಿ ಚಿತ್ರ ಪ್ರದರ್ಶನ ಎಲ್ಲ ಸೇರಿತು. ಊಟ ‘ಗೋಲ್ ಘರ್’ ಎಂಬ ದುಂಡು ಚಾವಡಿಯಲ್ಲಿ ಎಲ್ಲರೂ ಒಟ್ಟಿಗೆ. ಕೋಣೆಯಲ್ಲಿ ಟಿವಿ ಇಲ್ಲ. ಜೀಪಿನಲ್ಲಿ ಡ್ರೈವರ್ ಜೊತೆಗೆ ‘ನ್ಯಾಚುರಲಿಸ್ಟ್’ ಎಂಬ ಇನ್ನೊಬ್ಬ. ಹುಲಿ ಕಾಣದ ದಿನ ಗಿರಾಕಿಗೆ ಮೋಸವಾಯಿತೆನ್ನಿಸದಂತೆ ನೋಡಿಕೊಳ್ಳುವುದೇ ಇವನ ಕಸುಬು. ಮರಕುಟಿಗ, ಕೆನ್ನಾಯಿ, ಲಂಗೂರಿನ ಎಚ್ಚರಿಕೆಯ ಕೂಗು, ನಿನ್ನೆಯ ಲದ್ದಿ, ಯಾವುದರಿಂದಲಾದರೂ ಮಾತು ಎತ್ತಬೇಕು. ಒಂದು ಅಪರೂಪದ ಪ್ರಾಣಿಯ ಮೇಲೆ ಜೂಜಾಡದೆ ಇಡೀ ಕಾಡನ್ನು ತೋರಿಸುವ ಈ ಜಾಣತನ ನನಗೆ ಕಂಡಂತೆ ಕಬಿನಿ ಕಲಿಸಿದ ದೊಡ್ಡ ವ್ಯಾಪಾರಪಾಠ. ಮುಂದೆ ಸಂಸ್ಥೆಯೇ ನ್ಯಾಚುರಲಿಸ್ಟ್ ತರಬೇತಿ ನಡೆಸಿತು.

1987ರಲ್ಲಿ ಟೈಗರ್ ಟಾಪ್ಸ್ ಪಾಲು ಬಿಟ್ಟು ಹೊರಟಿತು. ಪೂರ್ತಿ ಸರ್ಕಾರದ ಕೈಗೆ ಬಂದ ಕಂಪನಿಗಳ ಗತಿ ನಮಗೆಲ್ಲ ಗೊತ್ತೇ ಇದೆ. ಇದು ಮಾತ್ರ ಮುಳುಗಲಿಲ್ಲ; ಭೀಮೇಶ್ವರಿ, ದಾಂಡೇಲಿ, ಕೆ. ಗುಡಿ, ದೇವಬಾಗ್ ಎಂದು ಕೊಂಬೆ ಬಿಡುತ್ತ ಹೋಯಿತು. ಕಾರಣ ಹಲವಿರಬಹುದು. ಒಂದಂತೂ ಸ್ಪಷ್ಟ: ಪಾಲುದಾರರು ಹೋದರೂ ಮುದುಕ ಹೋಗಲಿಲ್ಲ. ಅತಿಥಿ ಬಂದರೆ ಎದುರುಗೊಳ್ಳಲು ಮನೆಯ ಯಜಮಾನನೊಬ್ಬ ಇದ್ದ. 2010ರ ಏಪ್ರಿಲ್‌ನಲ್ಲಿ, ತೊಂಬತ್ತನಾಲ್ಕರ ವಯಸ್ಸಿನಲ್ಲಿ ವೇಕ್‌ಫೀಲ್ಡ್ ತೀರಿಕೊಂಡದ್ದೂ ಅಲ್ಲೇ.

ಕಾಡಿನ ಇನ್ನೊಂದು ಮಗ್ಗುಲಲ್ಲಿ ಇದೇ ಕಸುಬಿನ ಬೇರೊಂದು ಪ್ರಯೋಗ ನಡೆಯಿತು. ತೊಂಬತ್ತರ ದಶಕದಲ್ಲಿ ನಾಗರಹೊಳೆಯ ಒಳಗಿನ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ಸರ್ಕಾರ ಜಾಗವನ್ನು ಗುತ್ತಿಗೆಗೆ ಕೊಟ್ಟಿತು. ಕಾಡಿನಿಂದ ತಮ್ಮನ್ನು ಹೊರಡಿ ಎನ್ನುವ ಸರ್ಕಾರವೇ ಹೋಟೆಲಿಗೆ ಒಳಗೆ ಜಾಗ ಮಾಡಿಕೊಟ್ಟಾಗ ಆದಿವಾಸಿಗಳು ಕೇಳಿದ ಪ್ರಶ್ನೆಗೆ ಯಾವ ಮಂತ್ರಿಯ ಬಳಿಯೂ ಉತ್ತರವಿರಲಿಲ್ಲ. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಹೈಕೋರ್ಟಿಗೆ ಹೋಯಿತು. ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಹೀಗೆ ಕೊಡುವಂತಿಲ್ಲ ಎಂದು 1997ರಲ್ಲಿ ತೀರ್ಪು ಬಂತು. ಕಾಡಂಚಿನಲ್ಲಿ ಉದ್ಯಮ ಹೂಡುವವರಿಗೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಬೇಕಿಲ್ಲ. ಕನ್ನಡಕ್ಕೆ ತಂದು ಪಂಚಾಯಿತಿ ಪಂಚಾಯಿತಿಗೆ ಹಂಚಬೇಕಾದ ತೀರ್ಪು ಅದು.

ಉಳಿದ ಪಾಠಗಳೂ ನ್ಯಾಯಾಲಯದ ದಾರಿಯಲ್ಲೇ ಬಂದವು. 2012ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹುಲಿ ಕಾಡುಗಳ ಒಳಭಾಗದಲ್ಲಿ ಪ್ರವಾಸವನ್ನೇ ತಡೆಯಿತು. ಅಕ್ಟೋಬರಿನಲ್ಲಿ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದ ಮೇಲೆ ತಡೆ ತೆರವಾಯಿತು: ಒಳಗಾಡಿನ ಶೇ 20ಕ್ಕಿಂತ ಹೆಚ್ಚು ಭಾಗದಲ್ಲಿ ಪ್ರವಾಸ ಕೂಡದು, ಅಲ್ಲಿ ಹೊಸ ಕಟ್ಟಡ ಕೂಡದು. ಕಬಿನಿಯಲ್ಲಿ ಖಾಸಗಿ ರೆಸಾರ್ಟಿನ ಅತಿಥಿಯೂ ಸಫಾರಿಗೆ ಜಂಗಲ್ ಲಾಡ್ಜಸ್‌ನ ವಾಹನವನ್ನೇ ಹತ್ತುವ ವ್ಯವಸ್ಥೆಯಾಯಿತು.

ಅಷ್ಟರಲ್ಲಿ ಹಿನ್ನೀರಿನ ದಂಡೆಯುದ್ದಕ್ಕೂ ರೆಸಾರ್ಟುಗಳು ಎದ್ದಿದ್ದವು. ಕರಿಚಿರತೆಯೊಂದು ಕ್ಯಾಮೆರಾಗಳಿಗೆ ಸಿಕ್ಕಿ ಪ್ರಸಿದ್ಧವಾದ ಮೇಲಂತೂ ಕೇಳುವುದೇ ಬೇಡ. ಹೊಸಬರು ಒಂದೇ ದರದ ಪದ್ಧತಿಯನ್ನು ತೆಗೆದುಕೊಂಡರು, ದರಕ್ಕೆ ಸೊನ್ನೆ ಸೇರಿಸಿದರು, ಈಜುಕೊಳ ಕೂಡಿಸಿದರು. ಅಲ್ಲೇ ಬದುಕುವ ಯಜಮಾನನನ್ನು ಮಾತ್ರ ಯಾರೂ ನಕಲು ಮಾಡಲಿಲ್ಲ. ಈಗ ಮಾಲೀಕ ಬೆಂಗಳೂರಿನಲ್ಲಿ, ಬುಕಿಂಗ್ ಮುಂಬೈಯ ಆ್ಯಪಿನಲ್ಲಿ, ಮ್ಯಾನೇಜರ್ ಆರು ತಿಂಗಳಿಗೊಬ್ಬ. ‘ಹುಲಿ ಕಂಡೀತೇ?’ ಎಂಬುದೇ ಅತಿಥಿಯ ಮೊದಲ ಮಾತು, ಕೊನೆಯ ಮಾತು. ಹೋಂಸ್ಟೇಗಳಿಗೆ ಪ್ರವಾಸೋದ್ಯಮ ಇಲಾಖೆ ಇಟ್ಟಿರುವ ಮುಖ್ಯ ಷರತ್ತು ಮಾಲೀಕ ಅದೇ ಮನೆಯಲ್ಲಿ ವಾಸವಿರಬೇಕೆಂಬುದು. ಇದನ್ನು ಬರೆದ ಅಧಿಕಾರಿ ಯಾರೋ, ಅವರಿಗೆ ಕಬಿನಿಯ ಗುಟ್ಟು ಗೊತ್ತಿತ್ತು. ಕೊಡಗಿನಿಂದ ಚಿಕ್ಕಮಗಳೂರಿನವರೆಗೆ ಎಷ್ಟು ಹೋಂಸ್ಟೇಗಳಲ್ಲಿ ಮಾಲೀಕ ರಾತ್ರಿ ಮಲಗುತ್ತಾನೆ ಎಂದು ಹೋಗಿ ನೋಡಿದರೆ ಗೊತ್ತಾಗುತ್ತದೆ.

2025ರ ಅಕ್ಟೋಬರ್–ನವೆಂಬರ್‌ನಲ್ಲಿ ಕಬಿನಿಯ ಪಕ್ಕದ ಸರಗೂರು ತಾಲ್ಲೂಕಿನಲ್ಲಿ ರೈತರು ಹುಲಿಗೆ ಬಲಿಯಾದಾಗ, ಜನರ ಸಿಟ್ಟು ತಿರುಗಿದ್ದು ಸಫಾರಿ ಜೀಪುಗಳ ಮೇಲೆ. ಸರ್ಕಾರ ಸಫಾರಿ ನಿಲ್ಲಿಸಿತು. ಜೀಪಿಗೂ ಹುಲಿಯ ದಾಳಿಗೂ ನೇರ ಸಂಬಂಧ ಉಂಟೋ ಇಲ್ಲವೋ ಎಂದು ತಜ್ಞರು ವಾದಿಸಲಿ. ಪಕ್ಕದ ಊರಿನವನಿಗೆ ಆ ಜೀಪಿನಲ್ಲಿ ತನ್ನದೇನೂ ಕಾಣಲಿಲ್ಲ ಎಂಬುದಕ್ಕೆ ಪುರಾವೆ ಬೇಕಿಲ್ಲ. ಖೆಡ್ಡಾದ ಕಾಲದಿಂದ ಈ ಕಸುಬಿನ ಅರಿವನ್ನೆಲ್ಲ ಕೊಟ್ಟವರು ಅವನ ಅಜ್ಜ-ಮುತ್ತಜ್ಜಂದಿರೇ. ಪಾಲು ಹಂಚುವಾಗ ಮಾತ್ರ ಅವನ ಹೆಸರು ಪಟ್ಟಿಯಲ್ಲಿರಲಿಲ್ಲ.

ಮುಂದಿನ ಸಲ ಎಚ್.ಡಿ. ಕೋಟೆಯ ಕಡೆಯೋ ಮಡಿಕೇರಿಯ ಕಡೆಯೋ ಕೋಣೆ ಕಾದಿರಿಸುವ ಮುನ್ನ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ಮಾಲೀಕರು ಅಲ್ಲೇ ಇರುತ್ತಾರಾ, ಕಾಡು ತೋರಿಸುವವರು ಯಾವ ಊರಿನವರು, ಅಡುಗೆಯ ಅಕ್ಕಿ-ತರಕಾರಿ ಎಲ್ಲಿಂದ ಬರುತ್ತದೆ. ಉತ್ತರ ತಡವರಿಸಿದರೆ ಬೇರೆ ಕಡೆ ಫೋನ್ ಮಾಡಿ.